ಇಂಡಿಯ ಬರಕ್ಕೂ ಹಿಮಾಲಯದ ಹಿಮಕ್ಕೂ ಏನು ನಂಟು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ... ಈ ಹೆಸರು ಕೇಳಿದೊಡನೆ ಬಿರುಬಿಸಿಲು, ಎರೆಭೂಮಿ, ಬಿಳಿಜೋಳ ನೆನಪಾಗುತ್ತವೆಯೇ ಹೊರತು ಹಿಮ ಯಾರಿಗೂ ನೆನಪಾಗುವುದಿಲ್ಲ. ಇಲ್ಲಿನ ನದಿಗಳಲ್ಲೂ ಹಿಮ ಕರಗಿದ ನೀರಿಲ್ಲ. ಮಹಾಬಳೇಶ್ವರದ ಕೃಷ್ಣೆ, ಭೀಮಾಶಂಕರದ ಭೀಮೆ ಎರಡೂ ಮಳೆಯನ್ನೇ ನಂಬಿದ ನದಿಗಳು. ಆದರೂ ಹಿಮ ಅಳೆಯುವ ಕಥೆಯ ಒಂದು ಎಳೆ ಶುರುವಾಗುವುದು ಇಂಥ ಬರದ ಸೀಮೆಗಳಿಂದಲೇ!

1876ರಲ್ಲಿ ದಖ್ಖನ್ನಿಗೆ ಮಳೆ ಕೈಕೊಟ್ಟಿತು. ಆಗ ಈ ನಾಲ್ಕೂ ತಾಲ್ಲೂಕುಗಳು ಮುಂಬಯಿ ಪ್ರಾಂತ್ಯದ ಕಲಾದಗಿ ಜಿಲ್ಲೆಯಲ್ಲಿದ್ದವು. 1872 ಮತ್ತು 1881ರ ಜನಗಣತಿಗಳನ್ನು ಹೋಲಿಸಿದರೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೇ ಒಂದು ಭಾಗ ಇಳಿದಿತ್ತು. ಕೆಲವರು ಗುಳೆ ಹೋದರು, ಅನೇಕರು ಸತ್ತರು. ಮಳೆ ಬರುತ್ತದೋ ಇಲ್ಲವೋ ಎಂದು ಮೊದಲೇ ಹೇಳಲಾದೀತೇ ಎಂಬ ಪ್ರಶ್ನೆಗೆ ಸರ್ಕಾರ ಉತ್ತರ ಹುಡುಕಲೇಬೇಕಾಯಿತು.

ಹುಡುಕುವ ಕೆಲಸ ಬಿದ್ದದ್ದು 1875ರಲ್ಲಿ ಹುಟ್ಟಿದ ಹವಾಮಾನ ಇಲಾಖೆಯ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಮೇಲೆ. 1884ರಲ್ಲಿ ಆತ ಹೇಳಿದ್ದು ಇಷ್ಟು: ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದ ವರ್ಷ ಒಣಗಾಳಿ ಜೋರಾಗುತ್ತದೆ, ಮುಂಗಾರು ಸೊರಗುತ್ತದೆ. ಅಂದರೆ ಸಿಂದಗಿಯ ರೈತನ ಕಣಜ ತುಂಬುವುದಕ್ಕೂ ಸುಮಾರು ಸಾವಿರ ಮೈಲಿ ದೂರದ ಬೆಟ್ಟದ ಹಿಮಕ್ಕೂ ನಂಟು! ಈ ಆಧಾರದ ಮೇಲೆ 1886ರಿಂದ ಪ್ರತಿವರ್ಷ ಮುನ್ಸೂಚನೆ ಹೊರಬೀಳತೊಡಗಿತು.

ಒಂದೇ ತೊಡಕು. ಹಿಮವನ್ನು ನೋಡುವವರು ಯಾರು? ಗಿರಿಧಾಮಗಳಿಂದ ಬರುವ ವರದಿಗಳನ್ನೇ ನಂಬಬೇಕಿತ್ತು. ಜನರಿಲ್ಲದ ಕಣಿವೆಗಳ ಲೆಕ್ಕ ಕೊಡುವವರು ಯಾರೂ ಇರಲಿಲ್ಲ.

ಆ ಕುರುಡು ಹೋಗಿದ್ದು 1966ರಲ್ಲಿ. ಅಮೆರಿಕದವರು ಉಪಗ್ರಹದ ಚಿತ್ರಗಳಿಂದ ವಾರವಾರ ಹಿಮದ ನಕ್ಷೆ ಮಾಡತೊಡಗಿದರು. 1976ರಲ್ಲಿ ಹಾನ್ ಮತ್ತು ಜಗದೀಶ್ ಶುಕ್ಲಾ ಆ ನಕ್ಷೆಗಳನ್ನು ನಮ್ಮ ಮಳೆಯೊಂದಿಗೆ ಹೋಲಿಸಿ, ಯುರೇಷ್ಯಾದಲ್ಲಿ ಹಿಮ ಹೆಚ್ಚಿದ ವರ್ಷ ಇಲ್ಲಿ ಮಳೆ ಕಡಿಮೆ ಎಂದು ತೋರಿಸಿದರು. ಆಮೇಲೆ ನಮ್ಮ ಉಪಗ್ರಹಗಳೂ ಬಂದವು. ಹಿಮ ಬೆಳಕನ್ನು ಮೋಡದಂತೆಯೇ ಹೊಳೆಸುತ್ತದೆ, ಆದರೆ ನಮ್ಮ ಕಣ್ಣಿಗೆ ಕಾಣದ ಒಂದು ಬಗೆಯ ಅವಕೆಂಪು ಕಿರಣದಲ್ಲಿ ಕಪ್ಪಾಗಿ ಕಾಣುತ್ತದೆ. ಮೋಡ ಹಾಗಲ್ಲ. ಎರಡನ್ನೂ ಬೇರೆ ಮಾಡುವ ಗುಟ್ಟು ಇದೇ. ಇಸ್ರೋದಲ್ಲಿ ಈ ಕೆಲಸ ಮಾಡಿ, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಅನಿಲ್ ಕುಲಕರ್ಣಿ ಮತ್ತು ಸಂಗಡಿಗರು 2007ರಲ್ಲಿ ಹಿಮಾಲಯದ 466 ಹಿಮನದಿಗಳ ಲೆಕ್ಕ ಕೊಟ್ಟರು. 1962ರಲ್ಲಿ 2077 ಚದರ ಕಿ.ಮೀ. ಇದ್ದದ್ದು 1628ಕ್ಕೆ ಇಳಿದಿತ್ತು. ಆರ್ಕ್ಟಿಕ್ ನೆಲದ ಜೂನ್ ತಿಂಗಳ ಹಿಮಹೊದಿಕೆಯಂತೂ 1967ರಿಂದ 2018ರವರೆಗೆ ದಶಕಕ್ಕೆ ಸುಮಾರು ಶೇ. 13ರಂತೆ ಕುಗ್ಗಿದೆ.

ಹಾಗಾದರೆ ಬ್ಲಾನ್‌ಫೋರ್ಡ್ ಲೆಕ್ಕದಲ್ಲಿ ನಮಗೆ ಸುಗ್ಗಿಯೋ ಸುಗ್ಗಿ ಆಗಬೇಕಿತ್ತಲ್ಲವೇ? ಆಗಲಿಲ್ಲ. ಹಿಮವನ್ನೂ ಲೆಕ್ಕಕ್ಕೆ ಹಿಡಿದಿದ್ದ 16 ಅಂಶಗಳ ಸೂತ್ರ 2002ರಲ್ಲಿ ಸೋತಿತು. ಆ ವರ್ಷ ದೇಶದ ಮುಂಗಾರು ಶೇ. 19ರಷ್ಟು ಕಡಿಮೆ. 2023ರಲ್ಲಿ ಎಲ್ ನಿನೊ ಕಾಡಿ, ಕರ್ನಾಟಕದ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಹಿಮ ಒಂದು ಸುಳಿವು, ಅಷ್ಟೇ. ಕಡಲು ಕಾಯುತ್ತಿರುವಾಗ ಹಳೆಯ ನಂಟುಗಳನ್ನು ಕಣ್ಣುಮುಚ್ಚಿ ನಂಬಲಾಗದು.

ಇನ್ನೊಂದು ಮಾತು. ಈ ಸೀಮೆಯ ಅನ್ನ ಹಿಂಗಾರಿ ಜೋಳ. ಅದಕ್ಕೆ ಬೇಕಾದದ್ದು ಬಿತ್ತನೆಯ ಹೊತ್ತಿಗೆ ಎರೆಯಲ್ಲಿ ನಿಲ್ಲುವ ಹಸಿ. ಇಡೀ ದೇಶದ ಮುಂಗಾರಿನ ಸರಾಸರಿ ಚೆನ್ನಾಗಿದ್ದರೂ ಸೆಪ್ಟೆಂಬರಿನ ಮಳೆ ತಪ್ಪಿದರೆ ಇಂಡಿಯ ಹೊಲ ಒಣಗುತ್ತದೆ. ಹಿಮ ಎಷ್ಟು ಕರಗಿತೆಂದು ಉಪಗ್ರಹ ಕರಾರುವಾಕ್ಕಾಗಿ ಹೇಳೀತು. ಡೋಣಿ ಹರಿಯುತ್ತದೋ ಇಲ್ಲವೋ ಎಂದು ತಿಳಿಯಲು ಮಾತ್ರ ರೈತ ಇಂದಿಗೂ ಮುಗಿಲು ನೋಡಲೇಬೇಕು.

ನಿಮ್ಮ ಕಡೆ ಹಿರಿಯರು ಮಳೆಗೆ ಯಾವ ಗುರುತು ನೋಡುತ್ತಿದ್ದರು? ತಿಳಿದವರು ಬರೆಯಿರಿ.