ಕಾಣದ ಆಳು, ಕೇಳುವ ಹಾಡು

ಶಿವನಸಮುದ್ರಕ್ಕೆ ಹೋದವರು ನೀರನ್ನು ನೋಡಿ ಬರುತ್ತಾರೆ; ತಂತಿಯನ್ನು ನೋಡಿ ಬರುವವರು ಕಡಮೆ. ಗಗನಚುಕ್ಕಿ, ಭರಚುಕ್ಕಿಗಳ ಅಬ್ಬರದ ಮುಂದೆ ಗುಡ್ಡವೇರಿ ಹೋಗುವ ತಂತಿಗಳ ಮೌನ ಯಾರಿಗೆ ಬೇಕು? ನಾನೂ ಬಹುಕಾಲ ಹಾಗೆಯೇ ಇದ್ದವನು. ಕಳೆದ ಮಳೆಗಾಲದಲ್ಲಿ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋದಾಗ ಮಾತ್ರ ನನ್ನ ಕಣ್ಣು ತಂತಿಗಳ ಮೇಲೆಯೇ ನಿಂತಿತು. ಅದಕ್ಕೆ ಕಾರಣ ಮಳವಳ್ಳಿಯ ನಮ್ಮ ಮನೆಯಲ್ಲಿರುವ ಒಂದು ಹಾಡಿನ ಪೆಟ್ಟಿಗೆ. ಜಲಪಾತಕ್ಕೂ ಹಾಡಿನ ಪೆಟ್ಟಿಗೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು, ಆದರೆ ಅದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

1902ರ ಜೂನ್ ತಿಂಗಳ ಕೊನೆಗೆ ಶಿವನಸಮುದ್ರದ ವಿದ್ಯುದಾಗಾರ ಕೆಲಸಕ್ಕೆ ತೊಡಗಿತು. ಯೋಜನೆಯ ಹಿಂದೆ ನಿಂತವರು ದಿವಾನ್ ಕೆ. ಶೇಷಾದ್ರಿ ಅಯ್ಯರ್, ಅದನ್ನು ರೂಪಿಸಿದವರು ಜೋಲಿ ಡಿ ಲಾಟ್ಬಿನಿಯರ್ ಎಂಬ ಎಂಜಿನಿಯರು. ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನಿಂದ ಬಂದವು, ವಿದ್ಯುದ್ಯಂತ್ರಗಳು ಅಮೆರಿಕದಿಂದ. ಆನೆಗಳೂ ಎತ್ತಿನ ಗಾಡಿಗಳೂ ಆ ಭಾರವನ್ನೆಲ್ಲ ಕಣಿವೆಗೆ ಇಳಿಸಿದವು. ಶೇಷಾದ್ರಿ ಅಯ್ಯರ್ ಅವರಿಗೆ ಅದನ್ನು ಕಣ್ಣಾರೆ ಕಾಣುವ ಯೋಗವಿರಲಿಲ್ಲ; 1901ರ ಸೆಪ್ಟೆಂಬರಿನಲ್ಲಿಯೇ ಅವರು ತೀರಿಕೊಂಡಿದ್ದರು.

ಹುಟ್ಟಿದ ಶಕ್ತಿ ಹೋದದ್ದು ಎಲ್ಲಿಗೆ? ತೊಂಬತ್ತೆರಡು ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ. 1905ರಲ್ಲಿ ಬೆಂಗಳೂರಿಗೆ ದೀಪ ಬಂದಿತು; 1908ರಲ್ಲಿ ಮೈಸೂರಿಗೆ. ಆ ಮೊದಲ ಮೂರು ಹೆಸರುಗಳಲ್ಲಿ ಪಕ್ಕದ ಮಳವಳ್ಳಿಯಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ಅಕ್ಷರಶಃ ನಿದರ್ಶನ ಸಿಕ್ಕಲಾರದು. ನಾನು ಯಾರನ್ನೂ ದೂರುತ್ತಿಲ್ಲ. ದೂರಕ್ಕೆ ಮುಟ್ಟುವ ಯಾವ ಏರ್ಪಾಟಿನಲ್ಲಿಯೂ 'ಯಾರಿಗೆ' ಎಂಬುದನ್ನು ಯಾರೋ ಒಬ್ಬರು ಮೊದಲೇ ಬರೆದಿಟ್ಟಿರುತ್ತಾರೆ ಎಂಬುದಷ್ಟೇ ನನ್ನ ಮಾತು.

ಅದೇ 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿನ ಮುಂದೆ ಹಾಡಿದರು. ಹಾಡು ಮುಗಿಯುತ್ತಲೇ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಹೇಳುವುದು ಅವರ ರೂಢಿ. ಅದು ಬರಿಯ ಜಂಬವಲ್ಲ. ಮುದ್ರಣ ತಟ್ಟೆಗಳಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಬೇಡವೆ? ಹೆಸರು ಹಾಡಿನೊಳಗೇ ಸೇರಿ ಪಯಣ ಮಾಡಿತು. ಗೌಹರ್ ಜಾನ್ 1928ರಲ್ಲಿ ಮೈಸೂರಿನ ಆಸ್ಥಾನಕ್ಕೆ ಬಂದರು. 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ಕಣ್ಣು ಮುಚ್ಚಿದರು. ದೇಹ ಹೋಯಿತು, ದನಿಯೂ ಹೆಸರೂ ಉಳಿದವು.

ಗ್ರಾಮಫೋನು ಬೇಕಾದ ಹಾಡನ್ನು ಕೊಡುತ್ತಿತ್ತು, ನಿಜ. ಆದರೆ ಪೆಟ್ಟಿಗೆಯಿದ್ದ ಕೋಣೆಯಲ್ಲಿ ಮಾತ್ರ. ಕೋಣೆಯ ಗೋಡೆಯನ್ನು ದಾಟಿದ್ದು ರೇಡಿಯೋ. 1935ರ ಸೆಪ್ಟೆಂಬರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲಿ ಒಂದು ಪುಟ್ಟ ಬಾನುಲಿ ಕೇಂದ್ರವನ್ನು ತೆರೆದರು. ಅದರ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರು ನಿಂತಿತು. ಆಗ ಮೈಸೂರಿಗೆ ಬರುತ್ತಿದ್ದ ವಿದ್ಯುತ್ತು ಶಿವನಸಮುದ್ರದ್ದು. ಕಾವೇರಿ ಇಲ್ಲಿ ಧುಮುಕಿ, ಅಲ್ಲಿ ಹಾಡಾಗಿ ಆಕಾಶಕ್ಕೇರಿದಳೆಂದರೆ ಅತಿಶಯೋಕ್ತಿಯಲ್ಲ. ಆದರೆ ರೇಡಿಯೋದಲ್ಲಿ ಇನ್ನೊಂದು ಕೊರತೆ: ಅವರು ಹಾಡಿಸಿದ್ದನ್ನು ನಾವು ಕೇಳಬೇಕು.

ನಮ್ಮದೇ ಹಾಡು, ಯಾವ ಕೋಣೆಯಲ್ಲಾದರೂ: ಈ ಎರಡನ್ನೂ ಕೂಡಿಸುವ ಒಂದು ಏರ್ಪಾಟು 2003ರಲ್ಲಿ ಹೊರಬಂದಿತು. 'ಮ್ಯೂಸಿಕ್ ಪ್ಲೇಯರ್ ಡೀಮನ್' ಎಂಬ ಈ ತಂತ್ರಾಂಶವನ್ನು ಆರಂಭಿಸಿದವರು ವಾರೆನ್ ಡ್ಯೂಕ್ಸ್. ಕನ್ನಡ ಮೇಷ್ಟರಾದ ನನಗೆ ಮೊದಲು ತೊಡಕಾದದ್ದು ಆ ಹೆಸರು. 'ಡೀಮನ್' ಎಂದರೆ ಪಿಶಾಚಿಯೆ? ಅಲ್ಲ. 1867ರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಬಾಗಿಲ ಬಳಿ ನಿಂತು ಅಣುಗಳನ್ನು ಒಂದೊಂದಾಗಿ ಬೇರ್ಪಡಿಸುವ ಒಂದು ಸೂಕ್ಷ್ಮ ಜೀವಿಯನ್ನು ಕಲ್ಪಿಸಿಕೊಂಡಿದ್ದನು. 1963ರ ಸುಮಾರಿಗೆ ಅಮೆರಿಕದ ಎಂ.ಐ.ಟಿ.ಯ ಗಣಕ ಪಂಡಿತರು, ಕಣ್ಣಿಗೆ ಕಾಣದೆ ಹಿನ್ನೆಲೆಯಲ್ಲಿ ದುಡಿಯುವ ಕಾರ್ಯಕ್ರಮಗಳಿಗೆ ಆ ಹೆಸರನ್ನೇ ಇಟ್ಟರು. ನಮ್ಮ ತುಳುನಾಡಿನ ಭೂತಗಳೂ ಮನೆಯನ್ನೂ ನೆಲವನ್ನೂ ಕಾಯುವಂಥವೇ ಅಲ್ಲವೆ? ನಾನಂತೂ ಅದನ್ನು 'ಕಾಣದ ಆಳು' ಎಂದು ಕರೆದುಕೊಂಡೆ.

ಈ ಆಳಿನ ನಡವಳಿಕೆ ಸರಳ. ಯಂತ್ರ ಎದ್ದಾಗ ತಾನೂ ಏಳುತ್ತದೆ, ಹಾಡಿನ ಕಡತಗಳೊಳಗೆ ಬರೆದಿರುವ ಹಾಡುಗಾರರ ಹೆಸರುಗಳನ್ನು ಓದಿ ಒಂದು ಪಟ್ಟಿ ಮಾಡಿಟ್ಟುಕೊಳ್ಳುತ್ತದೆ, ಅಪ್ಪಣೆಗಾಗಿ ಕಾದಿರುತ್ತದೆ. ಅಪ್ಪಣೆ ಕೊಡುವುದು ಬೇರೆಯೇ ಒಂದು ಸಾಧನ, ಮೊಬೈಲ್ ಇರಬಹುದು. ಅಪ್ಪಣೆ ಕೊಟ್ಟು ಮೊಬೈಲನ್ನು ಮುಚ್ಚಿದರೂ ಹಾಡು ನಿಲ್ಲುವುದಿಲ್ಲ. ಹಾಡು ಎಲ್ಲಿದೆ, ದನಿ ಯಾವ ದಾರಿಯಲ್ಲಿ ಹೊರಡಬೇಕು, ಯಾರ ಮಾತನ್ನು ಕೇಳಬೇಕು, ಎಲ್ಲವನ್ನೂ ಒಂದು ಸಾದಾ ಕಡತದಲ್ಲಿ ಮನೆಯವರೇ ಬರೆದಿಡಬೇಕು. ಆಳು ಅದರ ಅಕ್ಷರವನ್ನು ಮೀರದು.

ನಾನು ಅಂಗೈಯಗಲದ ಗಣಕವೊಂದನ್ನು ಮಹಡಿಯ ಓದುವ ಕೋಣೆಯಲ್ಲಿರಿಸಿ, ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಅದರೊಳಕ್ಕೆ ಇಳಿಸಿದೆ. ಹಾಡು ಬಂದಿತು, ನನಗೆ ಬಹಳ ಹೆಮ್ಮೆಯಾಯಿತು. ಮಂಡಿನೋವಿನಿಂದ ಮೆಟ್ಟಿಲು ಹತ್ತಲಾರದ ಅಮ್ಮ ಕೆಳಗಿನಿಂದ ಒಂದು ದಿನ ಕೇಳಿದರು:

"ಏನ್ ಮಗಾ, ನಿನ್ನ ಪೆಟ್ಟಿಗೆ ಹಾಡೋದು ನಿನಗೊಬ್ಬನಿಗೇನಾ?"

ಕಡತವನ್ನು ತೆರೆದು ನೋಡಿದೆ. 'ಬೈಂಡ್ ಟು ಅಡ್ರೆಸ್' ಎಂಬ ಸಾಲಿನ ಮುಂದೆ 'ಲೋಕಲ್‌ಹೋಸ್ಟ್' ಎಂದಿತ್ತು. ಎಂದರೆ, ಈ ಯಂತ್ರದಲ್ಲಿಯೇ ಕುಳಿತವನ ಮಾತನ್ನಷ್ಟೇ ಕೇಳು, ಹೊರಗಿನವರ ಮಾತು ಬೇಡ ಎಂದು. ಹಾಗೆ ಬರೆದದ್ದು ಎಚ್ಚರಿಕೆಗಾಗಿ. ಹಾಗೆಯೇ ಬಿಟ್ಟದ್ದು ನನ್ನ ಉದಾಸೀನ. ಕೋಲಾರಕ್ಕೆ ಹೋದ ತಂತಿಯ ಬಗ್ಗೆ ವರ್ಷವರ್ಷವೂ ತರಗತಿಯಲ್ಲಿ ಹೇಳುವ ನಾನು, ಸ್ವಂತ ಮನೆಯಲ್ಲಿ ಅದನ್ನೇ ಮಾಡಿದ್ದೆ.

ಆ ಸಾಲನ್ನು ತಿದ್ದಿ, ಮನೆಯ ಜಾಲದಲ್ಲಿರುವ ಯಾರ ಅಪ್ಪಣೆಯನ್ನಾದರೂ ಕೇಳುವಂತೆ ಮಾಡಿದೆ. ಹೊರಗಿನವರು ಕೈಯಾಡಿಸದಂತೆ ಗುಟ್ಟಿನ ಪದವೊಂದನ್ನು ಇಟ್ಟೆ. ದನಿ ಹೊರಡುವ ದಾರಿ ಒಂದೇ ಇತ್ತು. ಜಾಲದ ಮೂಲಕ ಹರಿಯುವ ಇನ್ನೊಂದನ್ನು ಸೇರಿಸಿದೆ. ಆಳನ್ನು ಒಮ್ಮೆ ಮಲಗಿಸಿ ಎಬ್ಬಿಸಿದ ಮೇಲೆ ಹೊಸ ಅಪ್ಪಣೆ ಜಾರಿಗೆ ಬಂದಿತು. ಅಮ್ಮನ ಮಂಚದ ಬಳಿಯಿದ್ದ ಹಳೆಯ ಮೊಬೈಲಿನಲ್ಲಿ ಹಾಡು ಕೇಳಿಸಿತು.

ಬಂದದ್ದು ಯಾವುದೋ ಮದುವೆಯ ಸೋಬಾನೆ ಪದ. ನನ್ನ ಪಟ್ಟಿಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ಅಮ್ಮ ಒಂದು ಗಳಿಗೆ ಸುಮ್ಮನಿದ್ದು, "ಇದು ನಿಮ್ಮ ದೊಡ್ಡಮ್ಮನ ದನಿ ಕಣೋ" ಎಂದರು. ದೊಡ್ಡಮ್ಮ ತೀರಿ ಹೋಗಿ ಇಪ್ಪತ್ತು ವರ್ಷ. ಮಹಡಿಯಲ್ಲಿ ಎಷ್ಟೋ ಸಲ ಆ ಪದವನ್ನು ಹಾಕಿ ಕೇಳಿದ್ದ ನಾನು ಆ ದನಿಯನ್ನು ಗುರುತಿಸಿರಲಿಲ್ಲ. ಗೌಹರ್ ಜಾನರಂತೆ ಅವರು ತಮ್ಮ ಹೆಸರನ್ನು ಹೇಳಿರಲಿಲ್ಲ. ಸೋಬಾನೆ ಹೇಳುವ ಹೆಂಗಸರಿಗೆ ಆ ರೂಢಿಯೆಲ್ಲಿ? ಅಮ್ಮನಿಗೆ ಕೇಳಿಸದೆ ಹೋಗಿದ್ದರೆ ಆ ಹೆಸರು ಅಮ್ಮನೊಡನೆಯೇ ಅಳಿಯುತ್ತಿತ್ತು. ಆ ರಾತ್ರಿಯೇ ಕಡತದಲ್ಲಿ ದೊಡ್ಡಮ್ಮನ ಹೆಸರನ್ನು ಬರೆದೆ. ಹೆಸರಿಲ್ಲದ ಪದಗಳು ಇನ್ನೂ ನಲವತ್ತು ಇವೆ. ದಿನಕ್ಕೊಂದರಂತೆ ಅಮ್ಮನಿಗೆ ಕೇಳಿಸುತ್ತಿದ್ದೇನೆ.

ಶಿವನಸಮುದ್ರದ ತಂತಿಗಳನ್ನು ನಾನು ಅಷ್ಟು ಹೊತ್ತು ನೋಡುತ್ತ ನಿಂತದ್ದು ಇದಕ್ಕಾಗಿ. ವಿದ್ಯಾರ್ಥಿಗಳು ಬಸ್ಸಿನಿಂದ ಕೂಗಿ ಕರೆಯುವವರೆಗೂ ನನಗೆ ಹೊತ್ತು ಹೋದದ್ದು ತಿಳಿಯಲಿಲ್ಲ.