ಗಣಿತ ಪದವಿಯ ಪ್ರವೇಶ ಪರೀಕ್ಷೆಗಳು: ಐಎಸ್‌ಐ ಮತ್ತು ಸಿಎಂಐ

ದ್ವಿತೀಯ ಪಿಯುಸಿ ಅಥವಾ ಅದಕ್ಕೆ ಸಮನಾದ ತರಗತಿ ಮುಗಿಸಿ ಗಣಿತವನ್ನೇ ಪದವಿ ವಿಷಯವಾಗಿ ಓದಬಯಸುವವರಿಗೆ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ (ಐಎಸ್‌ಐ) ಮತ್ತು ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್ (ಸಿಎಂಐ) ನಡೆಸುವ ಲಿಖಿತ ಪರೀಕ್ಷೆಗಳು ಇವು. ಸಾಮಾನ್ಯವಾಗಿ ಮೇ ತಿಂಗಳಲ್ಲಿ ನಡೆಯುತ್ತವೆ. ದೇಶದಲ್ಲಿ ಪಿಯುಸಿ ಹಂತದವರು ಬರೆಯುವ ಗಣಿತ ಪರೀಕ್ಷೆಗಳ ಪೈಕಿ ಒಲಿಂಪಿಯಾಡ್ ಬಿಟ್ಟರೆ ಸಾಧನೆ ಬರೆಯುವ ಸಾಮರ್ಥ್ಯವನ್ನು ಇಷ್ಟು ನೇರವಾಗಿ ಅಳೆಯುವವು ಬೇರೆ ಸಿಗುವುದು ಕಷ್ಟ. ಅವುಗಳ ಕಷ್ಟವೂ ಅಲ್ಲಿಯೇ ಇದೆ. ಪಠ್ಯಕ್ರಮ ಬಹುಮಟ್ಟಿಗೆ ಪಿಯುಸಿಯದೇ. ಕೇಳುವ ರೀತಿ ಬೇರೆ.

ಐಎಸ್‌ಐಯನ್ನು ಪಿ. ಸಿ. ಮಹಾಲನೋಬಿಸ್ 1931ರಲ್ಲಿ ಕೋಲ್ಕತ್ತದಲ್ಲಿ ಸ್ಥಾಪಿಸಿದರು. 1959ರ ಕಾಯ್ದೆ ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂದು ಘೋಷಿಸಿ, ಪದವಿ ನೀಡುವ ಅಧಿಕಾರ ಕೊಟ್ಟಿತು. ಸಂಖ್ಯಾಶಾಸ್ತ್ರದ ಬಿ.ಸ್ಟ್ಯಾಟ್ ಕೋರ್ಸ್ ಕೋಲ್ಕತ್ತದಲ್ಲಿಯೂ ಗಣಿತದ ಬಿ.ಮ್ಯಾಥ್ ಕೋರ್ಸ್ ಬೆಂಗಳೂರಿನ ಮೈಸೂರು ರಸ್ತೆ 8ನೇ ಮೈಲಿಯ ಕೇಂದ್ರದಲ್ಲಿಯೂ ನಡೆಯುತ್ತವೆ. ಎರಡಕ್ಕೂ ಪ್ರಶ್ನೆಪತ್ರಿಕೆ ಒಂದೇ. ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ದಶಕಗಳ ಕಾಲ ದುಡಿದದ್ದು ಈ ಸಂಸ್ಥೆಯಲ್ಲಿ. 2007ರಲ್ಲಿ ಅಬೆಲ್ ಪ್ರಶಸ್ತಿ ಪಡೆದ ಎಸ್. ಆರ್. ಎಸ್. ವರಧನ್ ಇಲ್ಲಿಯೇ ರಾವ್ ಅವರ ಮಾರ್ಗದರ್ಶನದಲ್ಲಿ ಪಿಎಚ್‌.ಡಿ. ಮಾಡಿದರು. ಸಿಎಂಐಯನ್ನು ಬೀಜಗಣಿತೀಯ ಜ್ಯಾಮಿತಿಯ ವಿದ್ವಾಂಸ ಸಿ. ಎಸ್. ಶೇಷಾದ್ರಿ 1989ರಲ್ಲಿ ಆರಂಭಿಸಿದರು. ಈಗ ಚೆನ್ನೈ ಹೊರವಲಯದ ಸಿರುಸೇರಿಯಲ್ಲಿದೆ.

ಪರೀಕ್ಷೆಯ ಸ್ವರೂಪ

ಐಎಸ್‌ಐ ಪರೀಕ್ಷೆ ಒಂದೇ ದಿನ ಎರಡು ಹೊತ್ತು ನಡೆಯುತ್ತದೆ. ಇತ್ತೀಚಿನ ವರ್ಷಗಳ ಮಾದರಿಯಲ್ಲಿ ಯುಜಿಎ ಎಂಬ ಮೊದಲ ಪತ್ರಿಕೆಯಲ್ಲಿ 30 ಬಹು ಆಯ್ಕೆ ಪ್ರಶ್ನೆಗಳು, ಯುಜಿಬಿ ಎಂಬ ಎರಡನೆಯದರಲ್ಲಿ ವಿವರವಾಗಿ ಬರೆಯಬೇಕಾದ 8 ಪ್ರಶ್ನೆಗಳು. ಎರಡಕ್ಕೂ ತಲಾ ಎರಡು ಗಂಟೆ. ಕರ್ನಾಟಕದ ವಿದ್ಯಾರ್ಥಿಗಳಿಗೆ ಪರಿಚಿತವಾದ ಸಿಇಟಿಯ ಗಣಿತ ಪತ್ರಿಕೆಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಅಂದರೆ ಪ್ರಶ್ನೆಗೆ 80 ಸೆಕೆಂಡ್. ಯುಜಿಎಯಲ್ಲಿ ನಾಲ್ಕು ನಿಮಿಷ ಸಿಗುತ್ತದೆ, ಯುಜಿಬಿಯಲ್ಲಿ ಹದಿನೈದು. ಸಿಇಟಿಗೆ ಬೇಕಾದ ಕೈಚಳಕ ಇಲ್ಲಿ ಅಷ್ಟಾಗಿ ನಡೆಯದು ಎಂಬುದು ಈ ಲೆಕ್ಕದಿಂದಲೇ ಗೊತ್ತಾಗುತ್ತದೆ.

ಯುಜಿಎಯ ಅಂಕ ನೀಡಿಕೆ ಸಂಖ್ಯಾಶಾಸ್ತ್ರಜ್ಞರ ಸಂಸ್ಥೆಗೆ ತಕ್ಕಂತಿದೆ. ಸರಿ ಉತ್ತರಕ್ಕೆ 4, ತಪ್ಪಿಗೆ 0, ಬರೆಯದೆ ಬಿಟ್ಟದ್ದಕ್ಕೆ 1. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಗುರುತು ಮಾಡಿದರೆ ಸರಾಸರಿ ಸಿಗುವುದು 4ರ ಕಾಲುಭಾಗ, ಅಂದರೆ ಸರಿಯಾಗಿ 1. ಸುಮ್ಮನೆ ಬಿಟ್ಟರೂ ಅಷ್ಟೇ. ಆದರೆ ಒಂದು ಆಯ್ಕೆ ಖಂಡಿತ ತಪ್ಪೆಂದು ತೋರಿಸಬಲ್ಲವನಿಗೆ ಉಳಿದ ಮೂರರಲ್ಲಿ ಊಹಿಸಿದರೂ ಸರಾಸರಿ ಒಂದೂ ಮೂರನೇ ಒಂದು ಅಂಕ ಬರುತ್ತದೆ. ಬರೀ ಅದೃಷ್ಟಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅರ್ಧ ತಿಳಿವಳಿಕೆಗೆ ಮಾತ್ರ ತುಸು ಬೆಲೆ ಇದೆ. ಋಣಾಂಕದ ಭಯದಲ್ಲಿ ಎಲ್ಲವನ್ನೂ ಬಿಡುವ ಅಭ್ಯಾಸ ಇಲ್ಲಿ ಅನಗತ್ಯ.

ಸಿಎಂಐ ಪತ್ರಿಕೆಯಲ್ಲಿಯೂ ಎ, ಬಿ ಎಂಬ ಎರಡು ಭಾಗಗಳಿವೆ. ಎ ಭಾಗದಲ್ಲಿ ಒಂದು ಮಟ್ಟದ ಅಂಕ ಗಳಿಸಿದವರ ಬಿ ಭಾಗವನ್ನು ಮಾತ್ರ ತಿದ್ದುತ್ತಾರೆ. ಇಂಗ್ಲೆಂಡಿನಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಗಣಿತ ಪ್ರವೇಶಕ್ಕೆ ಕೇಳುವ ಸ್ಟೆಪ್ ಪರೀಕ್ಷೆ ಇದೇ ದಿಕ್ಕಿನಲ್ಲಿ ಇನ್ನೂ ಮುಂದೆ ಹೋಗುತ್ತದೆ: ಮೂರು ಗಂಟೆ, 12 ಪ್ರಶ್ನೆ, ಅತ್ಯುತ್ತಮವಾದ ಆರು ಉತ್ತರಗಳಷ್ಟೇ ಲೆಕ್ಕಕ್ಕೆ. ಅಲ್ಲಿ ಒಂದು ಪ್ರಶ್ನೆಗೆ ಅರ್ಧ ಗಂಟೆ.

ಪಠ್ಯ ಮತ್ತು ಅದರ ಕೊರತೆಗಳು

ಬೀಜಗಣಿತ, ತ್ರಿಕೋನಮಿತಿ, ನಿರ್ದೇಶಾಂಕ ಜ್ಯಾಮಿತಿ, ಕಲನ, ಕ್ರಮಯೋಜನೆ ಮತ್ತು ವಿಕಲ್ಪ ಇವು ಪಿಯುಸಿಯವೇ. ಅದರಾಚೆಗೆ ಸಂಖ್ಯಾ ಸಿದ್ಧಾಂತ, ಬಹುಪದೋಕ್ತಿಗಳ ಮೂಲಗಳು, ಅಸಮತೆಗಳು, ಪಿಜನ್‌ಹೋಲ್ ತತ್ವದಂಥ ಎಣಿಕೆಯ ಉಪಾಯಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಇವುಗಳಿಗೆ ಒಲಿಂಪಿಯಾಡ್ ಓದು ನೇರವಾಗಿ ಒದಗುತ್ತದೆ. ಶಾಲಾ ಪುಸ್ತಕ ಮಾತ್ರ ಓದಿದವರಿಗೆ ಇನ್ನೊಂದು ತೊಡಕೂ ಇದೆ. ಎನ್‌ಸಿಇಆರ್‌ಟಿ ಕೋವಿಡ್ ನಂತರ ಪುಸ್ತಕಗಳ ಹೊರೆ ಇಳಿಸಿದಾಗ 11ನೇ ತರಗತಿಯ ಗಣಿತಾನುಗಮನದ ಅಧ್ಯಾಯವನ್ನೂ 12ನೇ ತರಗತಿಯ ಮಧ್ಯಮ ಮೌಲ್ಯ ಪ್ರಮೇಯವನ್ನೂ ಕೈಬಿಟ್ಟಿತು. ಸಾಧನೆ ಬರೆಯಲು ಹೊರಟವನಿಗೆ ಇವೆರಡೂ ದಿನಬಳಕೆಯ ಸಲಕರಣೆಗಳು. ಹಳೆಯ ಪುಸ್ತಕವನ್ನು ಹಿರಿಯ ವಿದ್ಯಾರ್ಥಿಗಳಿಂದ ಪಡೆದು ಆ ಭಾಗಗಳನ್ನು ಓದಿಕೊಳ್ಳಬೇಕು.

ಅಭ್ಯಾಸಕ್ಕೆ ಐಎಸ್‌ಐಯ ಹಳೆಯ ಪ್ರಶ್ನೆಗಳ ಸಂಗ್ರಹವಾದ ‘ಟೆಸ್ಟ್ ಆಫ್ ಮ್ಯಾಥಮ್ಯಾಟಿಕ್ಸ್ ಅಟ್ ದ 10+2 ಲೆವೆಲ್’ ಎಲ್ಲರೂ ಹುಡುಕುವ ಪುಸ್ತಕ. ವಿದ್ಯಾರ್ಥಿಗಳ ಬಾಯಲ್ಲಿ ಅದು ‘ಟೊಮ್ಯಾಟೊ’. ವಿ. ಕೃಷ್ಣಮೂರ್ತಿ, ಸಿ. ಆರ್. ಪ್ರಾಣೇಶಾಚಾರ್, ಕೆ. ಎನ್. ರಂಗನಾಥನ್ ಮತ್ತು ಬಿ. ಜೆ. ವೆಂಕಟಾಚಲ ಬರೆದ ‘ಚಾಲೆಂಜ್ ಅಂಡ್ ಥ್ರಿಲ್ ಆಫ್ ಪ್ರೀ-ಕಾಲೇಜ್ ಮ್ಯಾಥಮ್ಯಾಟಿಕ್ಸ್’ ಸಂಖ್ಯಾ ಸಿದ್ಧಾಂತ, ಜ್ಯಾಮಿತಿಗಳಿಗೆ ಬುನಾದಿ ಹಾಕುತ್ತದೆ. ಇವರಲ್ಲಿ ಪ್ರಾಣೇಶಾಚಾರ್ ಮತ್ತು ವೆಂಕಟಾಚಲ ಬೆಂಗಳೂರಿನ ಐಐಎಸ್‌ಸಿಯಲ್ಲಿದ್ದ ಗಣಿತ ಒಲಿಂಪಿಯಾಡ್ ಘಟಕದಲ್ಲಿ ಕೆಲಸ ಮಾಡಿದವರು. ಎರಡೂ ಸಂಸ್ಥೆಗಳು ಹಳೆಯ ಪ್ರಶ್ನೆಪತ್ರಿಕೆಗಳನ್ನು ತಮ್ಮ ಜಾಲತಾಣಗಳಲ್ಲಿ ಉಚಿತವಾಗಿ ಇಟ್ಟಿವೆ. ನಿಜ ಹೇಳಬೇಕೆಂದರೆ ಇಷ್ಟು ಸಾಕು. ಪುಸ್ತಕಗಳ ರಾಶಿ ಬೆಳೆಸಿಕೊಂಡವರು ಯಾವುದನ್ನೂ ಮುಗಿಸಿರುವುದಿಲ್ಲ.

ಒಂದು ಪ್ರಶ್ನೆಯ ಒಳಗೆ

ವಿವರಣಾತ್ಮಕ ಪತ್ರಿಕೆಯಲ್ಲಿ ಅಂಕ ಎಲ್ಲಿ ಕೈಬಿಡುತ್ತದೆ ಎಂಬುದಕ್ಕೆ ಒಲಿಂಪಿಯಾಡ್ ವಲಯದಲ್ಲಿ ಬಹಳ ಕಾಲದಿಂದ ಓಡಾಡುತ್ತಿರುವ ಒಂದು ಲೆಕ್ಕ ಒಳ್ಳೆಯ ಉದಾಹರಣೆ. ಒಂದಕ್ಕಿಂತ ದೊಡ್ಡದಾದ ಯಾವುದೇ ಪೂರ್ಣಾಂಕವನ್ನು ತೆಗೆದುಕೊಳ್ಳಿ. ಅದರ ನಾಲ್ಕನೆಯ ಘಾತಕ್ಕೆ, 4ನ್ನು ಅಷ್ಟು ಸಲ ಗುಣಿಸಿ ಬಂದದ್ದನ್ನು ಕೂಡಿಸಿ. ಮೊತ್ತ ಎಂದಿಗೂ ಅವಿಭಾಜ್ಯ ಸಂಖ್ಯೆಯಾಗದು ಎಂದು ಸಾಧಿಸಿ.

ಮೊದಲು ಕೈಯಲ್ಲಿ ಮಾಡಿ ನೋಡಬೇಕು. 3ಕ್ಕೆ 81 + 64 = 145, ಅದು 5 × 29. 5ಕ್ಕೆ 625 + 1024 = 1649, ಅದು 17 × 97. ಸಮಸಂಖ್ಯೆಗಳಿಗೆ ಎರಡೂ ಪದಗಳು ಸಮ, ಮೊತ್ತ 2ಕ್ಕಿಂತ ದೊಡ್ಡದು, ಅಲ್ಲಿಗೆ ಮುಗಿಯಿತು. ಬೆಸಸಂಖ್ಯೆ ಅ ಆದರೆ, 4ರ ಘಾತದಿಂದ ಒಂದು 4ನ್ನು ಹೊರಗಿಟ್ಟಾಗ ಉಳಿದದ್ದು 2ರ ಯಾವುದೋ ಘಾತವಾದ ಬ ಎಂಬುದರ ನಾಲ್ಕನೆಯ ಘಾತ. ಆಗ ಮೊತ್ತ ಅ⁴ + 4ಬ⁴. ಇದಕ್ಕೆ 4ಅ²ಬ² ಕೂಡಿಸಿ ಕಳೆದರೆ ಎರಡು ವರ್ಗಗಳ ವ್ಯತ್ಯಾಸವಾಗಿ ಹೀಗೆ ಒಡೆಯುತ್ತದೆ:

(ಅ² + 2ಅಬ + 2ಬ²)(ಅ² − 2ಅಬ + 2ಬ²)

ಬಹಳ ಮಂದಿ ಇಲ್ಲಿಗೆ ಪೆನ್ನು ಕೆಳಗಿಡುತ್ತಾರೆ. ಸಾಧನೆ ಇನ್ನೂ ಮುಗಿದಿಲ್ಲ. ಎರಡು ಅಪವರ್ತನಗಳಲ್ಲಿ ಒಂದು 1 ಆಗಿಬಿಟ್ಟರೆ ಸಂಖ್ಯೆ ಅವಿಭಾಜ್ಯವೇ ಆಗಿರಬಹುದು. ಚಿಕ್ಕ ಅಪವರ್ತನವನ್ನು (ಅ − ಬ)² + ಬ² ಎಂದು ಬರೆದುಕೊಂಡರೆ, ಅ ಎಂಬುದು 3 ಅಥವಾ ಹೆಚ್ಚಾದಾಗ ಬ ಕನಿಷ್ಠ 2, ಆದ್ದರಿಂದ ಆ ಅಪವರ್ತನ ಕನಿಷ್ಠ 4. ಈಗ ಮುಗಿಯಿತು. ಪ್ರಶ್ನೆಯಲ್ಲಿ ‘ಒಂದಕ್ಕಿಂತ ದೊಡ್ಡ’ ಎಂಬ ಷರತ್ತು ಏಕಿತ್ತು ಎಂಬುದೂ ಈ ಸಾಲಿನಲ್ಲಿಯೇ ಹೊರಬರುತ್ತದೆ: 1ಕ್ಕೆ ಮೊತ್ತ 1 + 4 = 5, ಚಿಕ್ಕ ಅಪವರ್ತನ 1, ಮತ್ತು 5 ಅವಿಭಾಜ್ಯ. ಕೊಟ್ಟ ಷರತ್ತು ಸಾಧನೆಯಲ್ಲಿ ಎಲ್ಲಿಯೂ ಬಳಕೆಯಾಗದಿದ್ದರೆ ಏನೋ ತಪ್ಪಿದೆ ಎಂದು ಮತ್ತೆ ನೋಡುವುದು ಈ ಪರೀಕ್ಷೆಗಳಲ್ಲಿ ಬಹಳ ಉಪಯೋಗಕ್ಕೆ ಬರುವ ಅಭ್ಯಾಸ.

ಸಿದ್ಧತೆಯ ಕ್ರಮ

ಕೋಚಿಂಗ್ ತರಗತಿಗಳಲ್ಲಿ ಸಾಮಾನ್ಯವಾಗಿ ಸೂತ್ರ ಮತ್ತು ಶಾರ್ಟ್‌ಕಟ್‌ಗಳಿಗೆ ಒತ್ತು. ಉತ್ತರ ಬಂದರೆ ಮುಂದಿನ ಲೆಕ್ಕ. ಯುಜಿಬಿಗೆ ಓದುವವರು ಇದನ್ನು ತಿರುವುಮುರುವು ಮಾಡಿಕೊಳ್ಳಬೇಕಾಗುತ್ತದೆ. ದಿನಕ್ಕೆ ಎರಡೇ ಲೆಕ್ಕ ಸಾಕು, ಆದರೆ ಒಂದೊಂದರ ಮೇಲೆ ಗಂಟೆಗಟ್ಟಲೆ ಕೂರಬೇಕು. ಬಗೆಹರಿಯದಿದ್ದರೆ ಉತ್ತರ ನೋಡದೆ ಮರುದಿನ ಮತ್ತೆ ಹಿಡಿಯಬೇಕು. ಬಗೆಹರಿದ ಮೇಲೆ ಕರಡು ಹಾಳೆ ಬದಿಗಿಟ್ಟು ಇಡೀ ಸಾಧನೆಯನ್ನು ಹೊಸದಾಗಿ, ಪೂರ್ಣ ವಾಕ್ಯಗಳಲ್ಲಿ ಬರೆಯಬೇಕು. ಬಾಣದ ಗುರುತುಗಳ ಸರಮಾಲೆಯನ್ನು ತಿದ್ದುವವರು ಓದಲಾರರು. ಭಾಷೆ ಇಂಗ್ಲಿಷಾದರೂ ಪಾಂಡಿತ್ಯ ಬೇಡ. ‘ಅ ಬೆಸ ಎಂದಿಟ್ಟುಕೊಳ್ಳೋಣ’, ‘ಆದ್ದರಿಂದ’, ‘ಇದು ವಿರೋಧಾಭಾಸ’ ಎಂಬಷ್ಟನ್ನು ಹೇಳಬಲ್ಲವರಿಗೆ ಕನ್ನಡ ಮಾಧ್ಯಮ ಅಡ್ಡಿಯಾಗದು.

ಬರೆದದ್ದನ್ನು ಇನ್ನೊಬ್ಬರು ಓದಬೇಕು ಎಂಬುದೇ ಎಲ್ಲಕ್ಕಿಂತ ಕಷ್ಟದ ಭಾಗ. ತನ್ನ ಸಾಧನೆಯ ತೂತು ತನಗೆ ಕಾಣುವುದಿಲ್ಲ. ಊರಿನ ಕಾಲೇಜಿನಲ್ಲಿ ತಾಳ್ಮೆಯ ಮೇಷ್ಟ್ರು ಸಿಕ್ಕರೆ ಭಾಗ್ಯ. ಇಲ್ಲವಾದರೆ ಇದೇ ಪರೀಕ್ಷೆಗೆ ಓದುವ ಇಬ್ಬರು ಮೂವರು ಸ್ನೇಹಿತರು ಒಬ್ಬರದನ್ನೊಬ್ಬರು ತಿದ್ದಿಕೊಳ್ಳಬಹುದು. ಪ್ರಥಮ ಪಿಯುಸಿಯಲ್ಲಿಯೇ ಶುರುಮಾಡಿದವರಿಗೆ ಇದಕ್ಕೆ ಸಮಯವಿರುತ್ತದೆ. ಬೋರ್ಡ್ ಪರೀಕ್ಷೆ ಮುಗಿದ ಮೇಲಿನ ಒಂದೆರಡು ತಿಂಗಳಲ್ಲಿ ಯುಜಿಎ ಮಟ್ಟಿಗೆ ಸಿದ್ಧರಾಗಬಹುದೇ ಹೊರತು ಯುಜಿಬಿ ಮಟ್ಟಿಗೆ ಕಷ್ಟ. ಕೊನೆಯ ವಾರಗಳಲ್ಲಿ ಹಳೆಯ ಪತ್ರಿಕೆಯನ್ನು ಗಡಿಯಾರ ಇಟ್ಟು ಬರೆಯುವುದು ಒಳ್ಳೆಯದು. ಎಂಟರಲ್ಲಿ ಎಂಟನ್ನೂ ಮುಟ್ಟುವುದಕ್ಕಿಂತ ನಾಲ್ಕನ್ನು ಸಂಪೂರ್ಣ ಬಗೆಹರಿಸುವುದು ಮೇಲು ಎಂದು ಆಗ ಅನುಭವಕ್ಕೆ ಬರುತ್ತದೆ.

ಲಿಖಿತ ಪರೀಕ್ಷೆಯ ನಂತರ ಐಎಸ್‌ಐ ಸಂದರ್ಶನಕ್ಕೆ ಕರೆಯುತ್ತದೆ. ಅದೂ ಬಹುತೇಕ ಗಣಿತವೇ: ಒಂದು ಲೆಕ್ಕ ಕೊಟ್ಟು, ಅಭ್ಯರ್ಥಿ ಯೋಚಿಸುವುದನ್ನು ಗಮನಿಸುತ್ತಾರೆ. ತೋಚಿದ್ದನ್ನು ಬಾಯಿಬಿಟ್ಟು ಹೇಳುವುದು ಉತ್ತಮ, ಸುಮ್ಮನೆ ಕೂತರೆ ಸುಳಿವು ಕೊಡಲು ಅವರಿಗೂ ದಾರಿಯಿರುವುದಿಲ್ಲ.

ಪದವಿ ಹಂತದಲ್ಲಿ ಸೀಟು ಸಿಗದವರು ಯಾವುದೇ ಕಾಲೇಜಿನಲ್ಲಿ ಗಣಿತ ಓದಿ, ಐಎಸ್‌ಐಯ ಎಂ.ಮ್ಯಾಥ್, ಸಿಎಂಐಯ ಎಂ.ಎಸ್‌ಸಿ. ಅಥವಾ ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌.ಡಿ. ಪ್ರವೇಶಕ್ಕೆ ಮತ್ತೆ ಪ್ರಯತ್ನಿಸಬಹುದು. ಎಂ.ಮ್ಯಾಥ್ ಪರೀಕ್ಷೆಯಲ್ಲಿಯೂ ಒಂದು ಪತ್ರಿಕೆ ಬಹು ಆಯ್ಕೆಯದು, ಇನ್ನೊಂದು ಬರೆದು ಸಾಧಿಸುವಂಥದು.