ಅಲಂಕಾರದಿಂದ ನಿರೂಪಕನೆಡೆಗೆ: ಕನ್ನಡದಲ್ಲಿ ಕಥನವನ್ನು ಓದುವ ಕ್ರಮದ ಬೆಳವಣಿಗೆ

ಸಾಹಿತ್ಯಕೃತಿಯು ತನ್ನ ಪರಿಣಾಮವನ್ನು ಸಾಧಿಸುವ ಬಗೆಗಳನ್ನು ಗುರುತಿಸಿ ಹೆಸರಿಡುವ ಶಾಸ್ತ್ರವು ಕನ್ನಡದಲ್ಲಿ ಕಾದಂಬರಿಗಿಂತ ಸುಮಾರು ಸಾವಿರ ವರ್ಷ ಹಿರಿಯದು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ, ಶ್ರೀವಿಜಯನ ರಚನೆಯೆಂದು ಇಂದು ಹೆಚ್ಚಿನ ವಿದ್ವಾಂಸರು ಒಪ್ಪುವ ‘ಕವಿರಾಜಮಾರ್ಗ’ವು, ದಂಡಿಯ ‘ಕಾವ್ಯಾದರ್ಶ’ವನ್ನು ಬಹುಮಟ್ಟಿಗೆ ಅನುಸರಿಸಿ ಮೂರು ಪರಿಚ್ಛೇದಗಳಲ್ಲಿ ಕಾವ್ಯದೋಷಗಳನ್ನೂ, ಪ್ರಾಸಯಮಕಗಳಂತೆ ನುಡಿಯ ನಾದವನ್ನು ಆಶ್ರಯಿಸಿದ ಶಬ್ದಾಲಂಕಾರಗಳನ್ನೂ, ಉಪಮೆ ರೂಪಕಗಳಂತೆ ಅರ್ಥವನ್ನು ಆಶ್ರಯಿಸಿದ ಅರ್ಥಾಲಂಕಾರಗಳನ್ನೂ ವಿವರಿಸುತ್ತದೆ. ಆನಂದವರ್ಧನನು ಕಾವ್ಯದ ಆತ್ಮವೆಂದು ಸಾರಿದ ಧ್ವನಿಯನ್ನು, ಅಂದರೆ ಮಾತು ನೇರವಾಗಿ ಹೇಳದೆ ಸೂಚಿಸುವ ಅರ್ಥವನ್ನು, ಹೆಚ್ಚುಕಡಿಮೆ ಅದೇ ಕಾಲದ ಈ ಗ್ರಂಥವು ಅಲಂಕಾರಗಳಲ್ಲೊಂದೆಂದು ಎಣಿಸಿರುವುದು ಗಮನಾರ್ಹ. ದೇಸಿಯ ಬಗೆಗಳು ಎಷ್ಟೊಂದು ಬೇರೆಬೇರೆಯಾಗಿವೆಯೆಂದರೆ ಅವನ್ನೆಲ್ಲ ಅರಿಯಹೊರಟು ವಾಸುಕಿಯೂ ಬೇಸರಗೊಳ್ಳುವನೆಂಬ ಅದರ ಮಾತು ಪ್ರಾದೇಶಿಕ ಭೇದಗಳ ಬಗ್ಗೆ ಕನ್ನಡದಲ್ಲಿ ದೊರೆಯುವ ಮೊದಲ ಸ್ಪಷ್ಟ ಅರಿವು. ಆದರೆ ಗ್ರಂಥಕ್ಕೆ ಆ ವೈವಿಧ್ಯವು ಕವಿ ಎಚ್ಚರದಿಂದ ನಿಭಾಯಿಸಬೇಕಾದ ತೊಡಕಾಗಿ ಕಂಡಿತೇ ಹೊರತು ಕಥನದ ಸಾಧನವಾಗಿ ಕಾಣಲಿಲ್ಲ.

ಅದೇ ಗ್ರಂಥವು ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತರೆಂಬ ಗದ್ಯಕಾರರನ್ನು ಹೆಸರಿಸಿದರೂ, ಬಳಿಕ ‘ವಡ್ಡಾರಾಧನೆ’ಯಂಥ ಸಮರ್ಥ ಗದ್ಯಕಥನ ಕಣ್ಣಮುಂದಿದ್ದರೂ, ಲಾಕ್ಷಣಿಕರ ಗಮನ ಬಿಡಿ ಪದ್ಯದ ಮೇಲೆಯೇ ನಿಂತಿತು. ಎರಡನೆಯ ನಾಗವರ್ಮನ ‘ಕಾವ್ಯಾವಲೋಕನ’ವೂ ಉದಯಾದಿತ್ಯ, ಮಾಧವರ ಅಲಂಕಾರಗ್ರಂಥಗಳೂ ಈ ದಾರಿಯನ್ನು ಬಿಡಲಿಲ್ಲ. ಪದಜ್ಞಾನದ ಕಥೆಯೂ ಇದೇ ಬಗೆಯದು: ರನ್ನನ ಕಂದಪದ್ಯಗಳ ನಿಘಂಟಿನಿಂದ ಹಿಡಿದು ನಾಗವರ್ಮನ ‘ಅಭಿಧಾನ ವಸ್ತುಕೋಶ’, ಮಂಗರಾಜನ ನಿಘಂಟು, ಲಿಂಗಮಂತ್ರಿಯ ‘ಕಬ್ಬಿಗರ ಕೈಪಿಡಿ’ಗಳವರೆಗೆ ಇವು ಮುಖ್ಯವಾಗಿ ಕಾವ್ಯ ಕಟ್ಟುವವರಿಗೂ ಕಾವ್ಯ ಓದುವವರಿಗೂ ನೆರವಾಗಲೆಂದು ಹುಟ್ಟಿದವು.

ಕೆಂಪುನಾರಾಯಣನ ‘ಮುದ್ರಾಮಂಜೂಷ’ (1823) ಮತ್ತು ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಮೂಡಿಸಿದ ಹೊಸ ಗದ್ಯವನ್ನು ಅಳೆಯಲು ಈ ಸಾಮಗ್ರಿ ಸಾಲದಾಯಿತು. ಆರಂಭದ ವಿಮರ್ಶೆಯು ಕಥಾವಸ್ತು, ಪಾತ್ರ, ಸಂದೇಶ ಎಂಬ ಮೂರು ಶೀರ್ಷಿಕೆಗಳಲ್ಲಿ ಕಾದಂಬರಿಯನ್ನು ಮುಗಿಸಿಬಿಡುತ್ತಿತ್ತು. ಕಾರಂತರ ‘ಚೋಮನ ದುಡಿ’ (1933), ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ಬಂದ ಮೇಲೂ ಈ ಅಭ್ಯಾಸ ಬೇಗ ಬದಲಾಗಲಿಲ್ಲ. ಚೋಮನ ಕಥೆ ನಡೆಯುವುದು ತುಳುನಾಡಿನಲ್ಲಿ, ಹೇಳಲ್ಪಡುವುದು ಕನ್ನಡದಲ್ಲಿ. ಪಾತ್ರದ ನುಡಿಗೂ ಕಥನದ ನುಡಿಗೂ ನಡುವಿನ ಈ ಅಂತರವು ಕೃತಿಯ ಅರ್ಥಕ್ಕೆ ಏನನ್ನು ಸೇರಿಸುತ್ತದೆಂಬ ಪ್ರಶ್ನೆಗೆ ಆ ಮೂರು ಶೀರ್ಷಿಕೆಗಳಲ್ಲಿ ಸ್ಥಳವೇ ಇರಲಿಲ್ಲ.

ನಿಜವಾದ ತಿರುವು ನವ್ಯದ ಕಾಲದ್ದು. ಕೀರ್ತಿನಾಥ ಕುರ್ತಕೋಟಿಯವರ ವಿಮರ್ಶೆಯೂ ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’ ಪತ್ರಿಕೆಯ ಸುತ್ತ ಬೆಳೆದ ನಿಕಟ ಓದಿನ ಪದ್ಧತಿಯೂ ಕೃತಿಯ ಮಾತುಮಾತನ್ನೂ ಸಾಕ್ಷ್ಯವಾಗಿ ಪರಿಗಣಿಸಿದವು. ಸಂಕೇತ, ಪ್ರತಿಮೆ, ವ್ಯಂಗ್ಯ, ತಂತ್ರ ಎಂಬ ಪದಗಳು ಗದ್ಯದ ಚರ್ಚೆಗೂ ಬಂದವು. ಇವುಗಳಿಗಿಂತ ಮುಖ್ಯವಾದದ್ದು ನಿರೂಪಕನ ಪರಿಕಲ್ಪನೆ. ಕಥೆ ಹೇಳುವ ದನಿಯು ಬರೆದವರ ದನಿಯೇ ಆಗಬೇಕಿಲ್ಲ, ಅದು ಪಾತ್ರವೊಂದರ ಮನಸ್ಸಿಗೆ ಹತ್ತಿರ ಸರಿದು ಮತ್ತೆ ದೂರ ನಿಲ್ಲಬಲ್ಲದು. “ಅವನು ಬಾಗಿಲು ತಟ್ಟಿದ. ಇಷ್ಟು ಹೊತ್ತಾದರೂ ಒಬ್ಬರೂ ಏಳಬಾರದೇ?” ಎಂಬ ಎರಡು ವಾಕ್ಯಗಳಲ್ಲಿ ಮೊದಲನೆಯದು ನಿರೂಪಕನದು, ಎರಡನೆಯದು ವ್ಯಾಕರಣದ ಲೆಕ್ಕದಲ್ಲಿ ಯಾರ ಮಾತೆಂದೂ ಸೂಚಿತವಾಗಿಲ್ಲದಿದ್ದರೂ ಅದರ ಅಸಹನೆ ಪಾತ್ರದ್ದು. ‘ಎಂದುಕೊಂಡ’ ಎಂಬ ಕೊಂಡಿಯಿಲ್ಲದೆ ಪಾತ್ರದ ಯೋಚನೆ ನಿರೂಪಣೆಯೊಳಗೆ ಬೆರೆಯುವ ಈ ವಿಧಾನವನ್ನು ಮುಕ್ತ ಪರೋಕ್ಷ ಕಥನವೆನ್ನಬಹುದು. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (1965) ಮುಖ್ಯ ಪಾತ್ರವಾದ ಪ್ರಾಣೇಶಾಚಾರ್ಯರ ಪ್ರಶ್ನೆಗಳು ಹೀಗೆ ಬೆರೆತುಕೊಳ್ಳುವುದರಿಂದ, ಅಲ್ಲಿನ ಪ್ರತಿಯೊಂದು ತೀರ್ಮಾನವನ್ನೂ ಲೇಖಕರ ತೀರ್ಮಾನವೆಂದು ಓದಿದವರು ಕೃತಿಯನ್ನು ಅರ್ಧವಷ್ಟೇ ಓದಿದಂತಾಗುತ್ತದೆ, ಅದರ ಸುತ್ತ ಎದ್ದ ವಿವಾದದ ಒಂದು ಪಾಲಾದರೂ ಈ ಬಗೆಯ ಓದಿನ ಫಲವೆನ್ನಬೇಕು. ಎಸ್. ಎಲ್. ಭೈರಪ್ಪನವರ ‘ಪರ್ವ’ (1979) ಬೇರೊಂದು ಸಾಧ್ಯತೆಯನ್ನು ತೋರಿಸಿತು: ಮಹಾಭಾರತದ ಘಟನೆಗಳು ಬೇರೆಬೇರೆ ಪಾತ್ರಗಳ ನೆನಪುಗಳ ಮೂಲಕ ಹಾದುಬರುವಾಗ, ಯಾವುದು ನಡೆಯಿತೆಂಬುದರಷ್ಟೇ ಯಾರ ನೆನಪಿನಲ್ಲಿ ಅದು ಹೇಗೆ ಉಳಿದಿದೆಯೆಂಬುದೂ ಓದುಗರ ಹೊಣೆಯಾಗುತ್ತದೆ.

ನುಡಿಯ ಪ್ರಶ್ನೆ ಇದರ ಜೊತೆಯಲ್ಲೇ ಬೆಳೆಯಿತು. ಕಿಟೆಲ್ಲರ ನಿಘಂಟು (1894) ಕಾವ್ಯ, ಗಾದೆ, ಬಳಕೆಯ ಮಾತುಗಳನ್ನು ಒಟ್ಟುಗೂಡಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಶಾಸನ ಮತ್ತು ಸಾಹಿತ್ಯದ ಪ್ರಯೋಗಗಳನ್ನು ಕಾಲಕ್ರಮದಲ್ಲಿ ಒದಗಿಸಿತು. ಆದರೆ ಉತ್ತರ ಕರ್ನಾಟಕದ ಆಡುನುಡಿಯನ್ನು ತುಂಬಿಕೊಂಡ ರಾವಬಹದ್ದೂರರ ‘ಗ್ರಾಮಾಯಣ’ (1957), ಮಲೆನಾಡಿನ ಮಾತುಗಾರಿಕೆಯನ್ನು ಹೊತ್ತ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967), ನಂಜನಗೂಡು ಸೀಮೆಯ ನುಡಿಯಲ್ಲಿ ನಿರೂಪಣೆಯನ್ನೂ ನಡೆಸಿದ ದೇವನೂರ ಮಹಾದೇವರ ‘ಕುಸುಮಬಾಲೆ’ (1984) ಇಂಥ ಕೃತಿಗಳಲ್ಲಿ ಎಷ್ಟೋ ಪದಗಳ ಬಳಿಗೆ ಹೋಗಲು ನಿಘಂಟಿಗಿಂತ ಸಂದರ್ಭವೇ ದಾರಿ: ಯಾರು, ಯಾರ ಎದುರು, ಯಾವ ಸಲುಗೆಯಿಂದ ಅಥವಾ ಅಂಜಿಕೆಯಿಂದ ಆ ಮಾತನ್ನು ಆಡಿದರೆಂಬುದನ್ನು ಹಿಡಿದರೆ ಅರ್ಥ ತಾನಾಗಿ ಒದಗುತ್ತದೆ. ಆಡುನುಡಿಯನ್ನು ಸಂಭಾಷಣೆಗೆ ಮೀಸಲಿಟ್ಟು ನಿರೂಪಣೆಯನ್ನು ಶಿಷ್ಟ ಕನ್ನಡದಲ್ಲಿ ನಡೆಸುವ ಕೃತಿಯಲ್ಲಿ ಹೇಳುವವನು ಊರಿನ ಹೊರಗೆ ನಿಂತಿರುತ್ತಾನೆ; ‘ಕುಸುಮಬಾಲೆ’ಯಲ್ಲಿ ಆ ಗೆರೆಯನ್ನು ಅಳಿಸಿದ್ದೇ ಒಂದು ಕಥನೋಪಾಯ. ಕಠಿಣಪದಗಳ ಪಟ್ಟಿಯೊಂದನ್ನು ಕೊನೆಗೆ ಅಂಟಿಸಿ ಇಂಥ ಕೃತಿಯನ್ನು ‘ಸುಲಭ’ಗೊಳಿಸುವ ಪಠ್ಯಪುಸ್ತಕದ ರೂಢಿಯು ಈ ಉಪಾಯವನ್ನು ಓದುಗರಿಂದ ಮರೆಮಾಡುತ್ತದೆ.

ಒ. ಎಲ್. ನಾಗಭೂಷಣ ಸ್ವಾಮಿಯವರ ‘ವಿಮರ್ಶೆಯ ಪರಿಭಾಷೆ’ಯಂಥ ಪುಸ್ತಕಗಳು ಪಾಶ್ಚಾತ್ಯ ಮತ್ತು ಭಾರತೀಯ ಪರಿಕಲ್ಪನೆಗಳನ್ನು ವಿದ್ಯಾರ್ಥಿಗಳ ಕೈಗೆಟುಕುವಂತೆ ಮಾಡಿವೆ. ಆದರೂ ಕನ್ನಡದ್ದೇ ಆದ ಕೆಲವು ಉಪಾಯಗಳಿಗೆ ಇನ್ನೂ ತಕ್ಕ ಅಧ್ಯಯನ ಬೇಕಾಗಿದೆ. ಅವುಗಳಲ್ಲಿ ಗೌರವಸೂಚಕ ಬಹುವಚನ ಮುಖ್ಯವಾದದ್ದು. ಕನ್ನಡದ ನಿರೂಪಕನು ಪ್ರತಿ ಪಾತ್ರಕ್ಕೂ ‘ಬಂದ’ ಎನ್ನಬೇಕೋ ‘ಬಂದರು’ ಎನ್ನಬೇಕೋ ನಿರ್ಧರಿಸದೆ ಮುಂದಿನ ಹೆಜ್ಜೆ ಇಡಲಾರ. ಜಮೀನ್ದಾರನಿಗೆ ಬಹುವಚನವನ್ನೂ ಅವನ ವಯಸ್ಸಿನವನೇ ಆದ ಆಳಿಗೆ ಏಕವಚನವನ್ನೂ ಕೊಡುವ ನಿರೂಪಣೆಯು, ಊರಿನ ಕಣ್ಣಿನಿಂದ ನೋಡುತ್ತಿದೆಯೋ ಅಥವಾ ಆ ಕಣ್ಣನ್ನೇ ಓದುಗರ ಪರೀಕ್ಷೆಗೆ ಒಡ್ಡುತ್ತಿದೆಯೋ ಎಂಬುದನ್ನು ಕ್ರಿಯಾಪದಗಳ ಕೊನೆಯಲ್ಲಿಯೇ ಹುಡುಕಬೇಕಾಗುತ್ತದೆ.